ದನಿ ಮಾತ್ರ ಸಾಕು

ನನ್ನ ಬಾಯಿ ಜೋರು, ಅದನ್ನ ಮೊದಲೇ ಹೇಳಿಬಿಡ್ತೀನಿ. ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಮೊಬೈಲಿಗೆ ಗಾಜು ಹಾಕ್ತೀನಿ, ಚಾರ್ಜರ್ ಮಾರ್ತೀನಿ, ಆದರೆ ನನಗೆ ಹೆಸರು ಬಂದಿದ್ದು ಕಾರ್ಡು ತುಂಬೋದರಿಂದ. ಉಗುರಿನಷ್ಟು ಮೆಮೊರಿ ಕಾರ್ಡು ತಂದುಕೊಟ್ಟರೆ ಅದರ ತುಂಬ ಕಥೆ, ಪದ, ಬಯಲಾಟ ಹಾಕಿಕೊಡ್ತೀನಿ. ಈ ಕಾಲದಲ್ಲಿ ಅದೆಲ್ಲ ಯಾರಿಗೆ ಬೇಕಪ್ಪಾ ಅಂತ ಕೇಳೋರಿದ್ದಾರೆ. ಕುರಿಯವರಿಗೆ ಬೇಕು. ಕುರಿ ಮೇಯ್ತಿದ್ದ ದೊಡ್ಡಉಳ್ಳಾರ್ತಿ ಕಾವಲಿನ ಸುತ್ತ ದೊಡ್ಡ ಕಟ್ಟಡಗಳಿಗೆ ಅಂತ ಗೋಡೆ ಎದ್ದ ಮೇಲೆ ಮಂದೆ ಹೊಡಕೊಂಡು ತಿಂಗಳುಗಟ್ಟಲೆ ದೂರ ಹೋಗ್ತಾರಲ್ಲ, ಅವರಿಗೆ ಬೇಕು. ಅವರು ಬೀಡುಬಿಡೋ ಕಡೆ ಸಿಗ್ನಲ್ಲೂ ಇಲ್ಲ, ಕರೆಂಟೂ ಇಲ್ಲ. ಕೊರಳಿಗೆ ಒಂದು ಸಣ್ಣ ಸ್ಪೀಕರ್ ನೇತುಹಾಕಿಕೊಂಡು, ಕುರಿ ಮೇಯಿಸ್ತಾ ನಾನು ತುಂಬಿಕೊಟ್ಟಿದ್ದನ್ನ ಕೇಳ್ಕೊಂಡಿರ್ತಾರೆ.

ಅದನ್ನೆಲ್ಲ ನಾನು ಇಳಿಸೋದು ಕರಿ ಕಿಟಕಿಯಿಂದ. ಹಂಗಂತ ನಾನೇ ಇಟ್ಟ ಹೆಸರು. ಕಂಪ್ಯೂಟರಿನಲ್ಲಿ ಒಂದು ಕಪ್ಪು ಪರದೆ ತೆಗೆದರೆ ಅಲ್ಲಿ ಗುಂಡಿ ಇಲ್ಲ, ಚಿತ್ರ ಇಲ್ಲ, ಬರೀ ಬಿಳಿ ಅಕ್ಷರ. ಒಂದು ಸಾಲು ಟೈಪು ಮಾಡಿ ಎಂಟರ್ ಒತ್ತಿದರೆ ನೆಟ್‌ನಲ್ಲಿರೋ ವಿಡಿಯೊ ತಾನಾಗಿ ಇಳಕೊಂಡು ಬರುತ್ತೆ. ಇಡೀ ಚಾನೆಲ್ಲಿನ ವಿಳಾಸ ಕೊಟ್ಟರೆ ಒಂದೊಂದಾಗಿ ಎಲ್ಲಾನೂ ಇಳಿಸಿ ಸಾಲಾಗಿ ಜೋಡಿಸುತ್ತೆ. ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಹತ್ತನೇ ಕ್ಲಾಸಿನ ಇಂಗ್ಲಿಷು ಇಟ್ಕೊಂಡು, ತಪ್ಪು ಮಾಡಿ ಮಾಡಿ, ಕಂಪ್ಯೂಟರಿಗೆ ಬಾಯಿಗೆ ಬಂದಂಗೆ ಬೈದು ಬೈದು ಕಲಿತಿದ್ದು. ಪರದೆ ಮೇಲೆ ಅಕ್ಷರ ಸರಸರ ಓಡೋದನ್ನ ನೋಡಿ ಒಬ್ಬ ಕುರಿ ಅಜ್ಜ, ಇದೇನು ಮಾಟಾನಾ ಅಂತ ಕೇಳಿದ್ದ. ಹೌದು ಅಂದಿದ್ದೆ. ಆವತ್ತಿಂದ ನನಗೆ ಕೊಂಬು ಬಂದಿತ್ತು.

ಆ ಪ್ರೋಗ್ರಾಮಿಗೆ ಒಂದು ಪುಟ್ಟ ಫೈಲು ಇರುತ್ತೆ. ಪ್ರತಿ ಸಲ ಹೇಳಬೇಕಾದ ಮಾತನ್ನ ಅದರಲ್ಲಿ ಒಂದು ಸಲ ಬರೆದಿಟ್ಟರೆ ಮುಗೀತು, ಮತ್ತೆ ಹೇಳಬೇಕಾಗಿಲ್ಲ, ಕೇಳೋದೂ ಇಲ್ಲ, ಹಂಗೇ ಮಾಡ್ತಾ ಹೋಗುತ್ತೆ. ನಾನು ಅದರಲ್ಲಿ ಬರೆದಿಟ್ಟಿದ್ದು ಒಂದೇ ಸಾಲು. ಅದರ ಅರ್ಥ ಇಷ್ಟು: ದನಿ ಮಾತ್ರ ಸಾಕು, ಚಿತ್ರ ಬೇಡ. ಕುರಿಯವರ ಸ್ಪೀಕರಿಗೆ ಚಿತ್ರ ಯಾಕೆ? ದನಿ ಮಾತ್ರ ಆದರೆ ಬೇಗ ಇಳಿಯುತ್ತೆ, ಕಾರ್ಡಿನಲ್ಲಿ ಜಾಸ್ತಿ ಹಿಡಿಯುತ್ತೆ. ಬರೆದಿಟ್ಟು ಎಷ್ಟು ವರ್ಷ ಆಯ್ತೋ, ಅದು ಅಲ್ಲಿದೆ ಅನ್ನೋದೇ ಮರೆತುಹೋಗಿತ್ತು. ದಿನಾ ಬಾಗಿಲ ಚಿಲಕ ಹಾಕೋನು ಚಿಲಕದ ಬಗ್ಗೆ ಯೋಚನೆ ಮಾಡ್ತಾನಾ?

ಈಗ ಅಕ್ಕನ ವಿಷಯ ಹೇಳ್ತೀನಿ. ನನಗಿದ್ದಿದ್ದು ಒಬ್ಬಳೇ ಅಕ್ಕ. ಹುಟ್ಟಿದಾಗಿಂದ ಕಿವಿ ಕೇಳ್ತಿರಲಿಲ್ಲ, ಹಂಗಾಗಿ ಮಾತೂ ಬರಲಿಲ್ಲ. ನಮ್ಮವ್ವ ಹರಕೆ ಹೊತ್ತು ಅವಳನ್ನ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿಸಿದ್ದಳು. ಮಾತು ಬರಲಿಲ್ಲ. ಆದರೆ ಮೇಲೆ ಗುಡಿಯಲ್ಲಿ ಅವ್ವ ಗಂಟೆ ಹೊಡೆದಾಗ ಅಕ್ಕ ಕೈ ಚಾಚಿ ಗಂಟೆಗೆ ಅಂಗೈ ಒತ್ತಿ ಹಿಡಿದಳಂತೆ. ಅದು ಕೈಯೊಳಗೆ ನಡುಗಿದ್ದಕ್ಕೆ ನಗೋಕೆ ಶುರು ಮಾಡಿದಳಂತೆ, ಇಳಿಸಿಕೊಂಡು ಬರೋವರೆಗೂ ನಗ್ತಾನೇ ಇದ್ದಳಂತೆ. ಅವಳಿಗೆ ಕಿವಿಯಲ್ಲಿ ಕೇಳಲ್ಲ, ಮೈಯಲ್ಲಿ ಕೇಳುತ್ತೆ ಅಂತ ಮನೆಯವರಿಗೆ ಆವತ್ತು ಗೊತ್ತಾಯ್ತು. ನಾನು ಹುಟ್ಟಿ ದೊಡ್ಡವನಾಗೋ ಹೊತ್ತಿಗೆ ಮನೆಯಲ್ಲಿ ಒಂದು ಕೈಮಾತು ಹುಟ್ಟಿಕೊಂಡಿತ್ತು. ಯಾವ ಶಾಲೆಯದೂ ಅಲ್ಲ, ನಮ್ಮದೇ. ನನ್ನ ಹೆಸರಿಗೆ ಅವಳು ತನ್ನ ಕಿವಿ ಹಿಂಡಿಕೊಂಡು ತೋರಿಸೋಳು, ಯಾಕಂದರೆ ನನ್ನ ಕಿವಿ ಹಿಂಡೋದು ಅವಳ ದಿನದ ಕೆಲಸ.

ಮೊಳಕಾಲ್ಮೂರಿಗೆ ಕೊಟ್ಟೆವು, ರೇಷ್ಮೆ ಸೀರೆ ನೇಯೋರ ಮನೆಗೆ. ಅಲ್ಲಿ ಅಕ್ಕಪಕ್ಕ ತೆಲುಗು, ಒಳಗೆ ಕನ್ನಡ. ನಮ್ಮ ತುಟಿ ಓದೋದು ಕಲಿತಿದ್ದವಳಿಗೆ ಆ ಊರಿನ ತುಟಿಗಳು ಬೇರೆಯಾಗಿ ಕಂಡವು, ಅದನ್ನೂ ಕಲಿತಳು. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಳು ಅಂದರೆ ಸೀರೆ ಒಡಲಿಗೆ ಬೇರೆ ಬಣ್ಣದ ಅಂಚು ಕೂಡಿಸೋ ಕುಟ್ಟು ಕೆಲಸದಲ್ಲಿ ಅವಳ ಸಮ ಆ ಬೀದಿಯಲ್ಲಿ ಯಾರೂ ಇರಲಿಲ್ಲ. ನೇಯ್ದ ಸೀರೆಯನ್ನ ಸುತ್ತಿಕೊಳ್ಳೋ ದಪ್ಪ ಮರ ಒಂದಿರುತ್ತೆ, ದಿಂಡು ಅಂತಾರೆ, ಅದು ನೇಯೋರ ಹೊಟ್ಟೆಗೆ ಒತ್ತಿಕೊಂಡೇ ಇರುತ್ತೆ. ಮಗಳು ಹುಟ್ಟಿದಳು, ಮಗಳಿಗೆ ಕಿವಿ ಚೆನ್ನಾಗಿತ್ತು. ಆ ಮಗು ಅವ್ವನ್ನ ಕರೆಯೋಕೆ ತಾನೇ ದಾರಿ ಕಂಡುಕೊಳ್ತು. ಹಿಂದಿನಿಂದ ತೆವಳಿಕೊಂಡು ಬಂದು ದಿಂಡಿಗೆ ಎರಡು ಸಲ ಕುಟ್ಟೋದು, ಟಕ್ ಟಕ್. ಅಕ್ಕನ ಹೊಟ್ಟೆಗೆ ಅದು ತಟ್ಟೋದು, ತಿರುಗೋಳು. ಆಮೇಲೆ ಅಕ್ಕನೂ ಮಗಳನ್ನ ಕರೆಯೋಕೆ ಅದನ್ನೇ ಹಿಡಿದಳು. ಲಾಳಿಯಿಂದ ದಿಂಡಿಗೆ ಎರಡು ಏಟು. ಮಗಳು ಬೀದಿಯಲ್ಲಿ ಆಡ್ತಿದ್ದರೂ ಓಡಿ ಬರೋಳು. ಉಳಿದವರಿಗೆಲ್ಲ ಅಕ್ಕನ ಕೈಮಾತಲ್ಲಿ ಒಂದೊಂದು ಗುರುತಿತ್ತು, ಮಗಳಿಗೆ ಮಾತ್ರ ಆ ಎರಡು ಏಟೇ ಹೆಸರು.

ಭಾವ ಹೋದ ಮೇಲೆ ಮನೆಯಲ್ಲಿ ಇಬ್ಬರೇ. ಮಗಳಿಗೆ ಮಗ್ಗ ಹಿಡಿಸಲಿಲ್ಲ, ಅದೇನು ತಪ್ಪಲ್ಲ. ದೊಡ್ಡಉಳ್ಳಾರ್ತಿ ಕಡೆ ಎದ್ದ ದೊಡ್ಡ ಕಟ್ಟಡಗಳಲ್ಲಿ ಒಂದು ಕಡೆ ಆಫೀಸಿನ ಕೆಲಸಕ್ಕೆ ಸೇರಿದಳು, ಚಳ್ಳಕೆರೆಯಲ್ಲಿ ರೂಮು ಮಾಡಿದಳು. ವಾರಕ್ಕೊಂದು ಸಲ ಬಂದು ನನ್ನ ಅಂಗಡಿ ಮುಂದೆ ನಿಂತು ಟೀ ಕುಡಿಯೋಳು. ಅಕ್ಕನಿಗೆ ಮಗಳು ಕೆಲಸ ಮಾಡೋ ಜಾಗ ನೋಡಬೇಕು ಅಂತ ಆಸೆ. ಯಾರಿಗೂ ಹೇಳದೆ ಒಂದಿನ, ತಾನೇ ನೇಯ್ದ ಒಂದು ರವಿಕೆ ಬಟ್ಟೆ ಗಂಟು ಕಟ್ಟಿಕೊಂಡು, ಎರಡು ಬಸ್ಸು ಬದಲಿಸಿ ಆ ಆಫೀಸಿನ ಗೇಟಿನ ಹತ್ತಿರ ಹೋಗಿ ನಿಂತಿದ್ದಾಳೆ. ಕೆಲಸ ಬಿಟ್ಟು ಎಲ್ಲರೂ ಹೊರಗೆ ಬರೋ ಹೊತ್ತು. ಮಗಳನ್ನ ಕಂಡ ಖುಷಿಗೆ ಗಂಟಲಿಂದ ಸದ್ದು ಬಂದಿದೆ. ಆ ಸದ್ದು ಗೊತ್ತಿಲ್ಲದವರಿಗೆ ಹೆದರಿಕೆ ಹುಟ್ಟಿಸುತ್ತೆ, ಸುಳ್ಳು ಯಾಕೆ ಹೇಳಲಿ. ಜೊತೆಯವರು ನಕ್ಕರು, ಯಾರೇ ಅದು ಅಂತ ಕೇಳಿದರು. ನಮ್ಮ ಹುಡುಗಿ ಅವರ ಕಡೆ ತಿರುಗಿ, "ಯಾರೋ, ಗೊತ್ತಿಲ್ಲ" ಅಂದಳು.

ಮೆಲ್ಲಗೇ ಅಂದಿದ್ದಳಂತೆ. ಮೆಲ್ಲಗೆ ಅಂದರೇನು, ಜೋರಾಗಿ ಅಂದರೇನು, ಅಕ್ಕ ಓದೋದು ತುಟಿಯನ್ನ. ಬಟ್ಟೆ ಗಂಟನ್ನ ಗೇಟಿನ ಕಟ್ಟೆ ಮೇಲಿಟ್ಟು ಬಸ್ಸು ಹತ್ತಿ ವಾಪಸ್ಸು ಹೋದಳು.

ಇದನ್ನ ನನಗೆ ಮಗಳೇ ಹೇಳಿದ್ದು, ಅದೇ ಸಂಜೆ, ಅಂಗಡಿಯಲ್ಲಿ ಅತ್ಕೊಂಡು. ನಾನು ಸಮಾಧಾನ ಮಾಡಲಿಲ್ಲ. ಚೆನ್ನಾಗಿ ಬೈದೆ. ಹೆತ್ತವಳನ್ನ ಗೊತ್ತಿಲ್ಲ ಅನ್ನೋ ಬಾಯಿಗೆ ಮಣ್ಣು ಬೀಳಲಿ ಅಂದೆ. ಆ ಮಾತು ಆಡಬಾರದಿತ್ತು ಅಂತ ಇವತ್ತಿಗೂ ಅನ್ನಿಸುತ್ತೆ.

ಕಿವಿ ಕೇಳೋ ನಾವು ಜಗಳ ಆಡಿ ಮಾತು ಬಿಟ್ಟರೂ ಇನ್ನೊಬ್ಬರ ಮಾತು ಕಿವಿಗೆ ಬಿದ್ದೇ ಬೀಳುತ್ತೆ. ಅಕ್ಕ ಬೆನ್ನು ತಿರುಗಿಸಿದರೆ ಅಷ್ಟೇ, ಅವಳಿಗೆ ಹೇಳೋಕೂ ಆಗಲ್ಲ, ಅವಳಿಂದ ಕೇಳೋಕೂ ಆಗಲ್ಲ. ಮಗಳು ತಿಂಗಳಿಗೊಂದು ಸಲ ಹೋಗೋಳು. ಅಕ್ಕ ಮಗ್ಗದಿಂದ ಏಳ್ತಿರಲಿಲ್ಲ, ತಿರುಗ್ತಿರಲಿಲ್ಲ. ಮಗಳು ಹತ್ತಿರ ಹೋಗಿ ದಿಂಡಿಗೆ ಎರಡು ಸಲ ಕುಟ್ಟೋಳು. ಏಟು ತಟ್ಟಿದ್ದು ಗೊತ್ತಾಗ್ತಿತ್ತು, ಅಕ್ಕನ ಭುಜ ಅಲ್ಲಾಡ್ತಿತ್ತು. ಲಾಳಿ ಮಾತ್ರ ನಿಲ್ತಿರಲಿಲ್ಲ. ತಂದ ಸಾಮಾನು ಇಟ್ಟು, ಗೋಡೆಗೆ ಒರಗಿ ಒಂದಿಷ್ಟು ಹೊತ್ತು ಆ ಬೆನ್ನು ನೋಡ್ತಾ ಕೂತು, ಬಸ್ಸಿಗೆ ಎದ್ದು ಬರೋಳು. ಎರಡು ವರ್ಷ ಹೀಗೇ ನಡೀತು. ನಾನೊಂದು ಸಲ ಅಕ್ಕನ ಎದುರು ಕೂತು ಕೈಮಾತಲ್ಲಿ ಗೋಗರೆದೆ. ಅವಳು ನನ್ನ ಕಿವಿ ಹಿಂಡಿ ಊಟಕ್ಕೆ ಬಡಿಸಿದಳು, ಅಷ್ಟೇ.

ಅಕ್ಕನ ಸೀರೆ ಕೊಳ್ಳೋ ವ್ಯಾಪಾರಿಯ ಹತ್ತಿರ ಒಬ್ಬ ಸೇಲ್ಸ್‌ಮನ್ ಇದ್ದ. ಅವನು ಸೀರೆ ತೋರಿಸೋಕೆ ಅಂತ ನೆಟ್‌ನಲ್ಲಿ ಒಂದು ಚಾನೆಲ್ ಮಾಡಿದ್ದ. ಅಕ್ಕ ನೇಯೋದು, ಅವಳ ಕೈ, ಲಾಳಿ, ಸೆರಗು ಬಿಚ್ಚಿ ತೋರಿಸೋದು, ಇದೇ ಅದರಲ್ಲಿ ತುಂಬಿತ್ತು. ಒಂದು ಬೆಳಿಗ್ಗೆ ಅಕ್ಕನಿಗೆ ಎದೆನೋವು ಬಂತು, ಆಸ್ಪತ್ರೆಗೆ ಒಯ್ಯೋವಾಗ ಬಿ.ಜಿ. ಕೆರೆ ದಾಟೋದರೊಳಗೆ ಗಾಡಿಯಲ್ಲೇ ಹೋಗಿಬಿಟ್ಟಳು. ಮಣ್ಣು ಮಾಡಿದ ಮೂರನೇ ದಿನ ಆ ಸೇಲ್ಸ್‌ಮನ್ ಮಾತಾಡಿಸೋಕೆ ಬಂದ. ಬಂದವನು ಒಂದು ವಿಷಯ ಹೇಳಿದ. ಹದಿನೈದು ದಿನದ ಕೆಳಗೆ ಸೀರೆ ಚಿತ್ರ ತೆಗೆಯೋಕೆ ಬಂದಾಗ ಅಕ್ಕ ಅವನಿಗೆ ಫೋನು ಕೆಳಗಿಡಬೇಡ ಅಂತ ಸನ್ನೆ ಮಾಡಿದಳಂತೆ. ಮಗ್ಗ ನಿಲ್ಲಿಸಿ, ಫೋನಿಗೆ ಮುಖ ಕೊಟ್ಟು, ಏನೇನೋ ಕೈಯಲ್ಲಿ ಹೇಳಿದಳಂತೆ. ಅವನಿಗೆ ಒಂದೂ ಅರ್ಥ ಆಗಲಿಲ್ಲವಂತೆ. ಜನ ನೋಡ್ತಾರೆ ಅಂತ ಇದ್ದದ್ದು ಇದ್ದಂಗೇ ಚಾನೆಲ್ಲಿಗೆ ಹಾಕಿದ್ದಾನೆ.

ಎರಡು ವರ್ಷ ಮಗಳಿಗೆ ಬೆನ್ನು ಕೊಟ್ಟಿದ್ದ ಅಕ್ಕ ಮುಖ ಕೊಟ್ಟಿದ್ದು ಅಲ್ಲೊಂದೇ ಕಡೆ. ಯಾರಿಗೆ ಹೇಳಿದ್ದು ಅಂತ ನಮಗೆ ಕೇಳಬೇಕಾಗಿರಲಿಲ್ಲ. ಮಗಳು ಫೋನಿನಲ್ಲಿ ಆ ವಿಡಿಯೊ ಹಾಕಿದಳು. ಅಕ್ಕ ಲಾಳಿ ಪಕ್ಕಕ್ಕಿಟ್ಟು ಕೈಯನ್ನ ಸೆರಗಿಗೆ ಒರೆಸಿಕೊಳ್ಳೋದು ಕಾಣಿಸ್ತು, ತಕ್ಷಣ ಇವಳು ಫೋನು ಬೋರಲು ಹಾಕಿಬಿಟ್ಟಳು. ಈಗ ಆಗಲ್ಲ ಅಂದಳು. ಹನ್ನೊಂದನೇ ದಿನದ ಕಾರ್ಯ ಮುಗಿಸಿ, ಮಗ್ಗದ ಎದುರು ಕೂತು, ದೊಡ್ಡ ಟಿವಿಯಲ್ಲಿ ನೋಡ್ತೀನಿ, ನೀವು ಪಕ್ಕದಲ್ಲಿರಬೇಕು ಅಂದಳು. ಅಲ್ಲಿವರೆಗೆ ನೀವೂ ನೋಡಬೇಡಿ ಅಂತ ನನ್ನ ಕೈಮೇಲೆ ಕೈಯಿಟ್ಟು ಮಾತು ತಗೊಂಡಳು. ಕೊಟ್ಟೆ.

ಆರನೇ ದಿನ ಅವಳ ಫೋನು ಬಂತು. ವ್ಯಾಪಾರಿ ಆ ಚಾನೆಲ್ಲನ್ನ ಇನ್ಯಾರಿಗೋ ಮಾರಿದ್ದಾನೆ, ಸೋಮವಾರ ಅವರ ಕೈಗೆ ಹೋಗುತ್ತೆ, ಹಳೇದೆಲ್ಲ ಅಳಿಸಿ ಅವರು ತಮ್ಮದು ಹಾಕ್ಕೊಳ್ತಾರೆ ಅಂತ ಸೇಲ್ಸ್‌ಮನ್ ತಿಳಿಸಿದ್ದ. ಅವನ ಫೋನಿನಲ್ಲಿ ಮೂಲ ಇತ್ತಾ ಅಂದರೆ ಇಲ್ಲ, ಚಾನೆಲ್ಲಿಗೆ ಹಾಕಿದ ದಿನವೇ ಅಳಿಸೋದು ಅವನ ಪದ್ಧತಿ, ಜಾಗ ಸಾಲಲ್ಲ. ಹುಡುಗಿ ಗಾಬರಿಯಾಗಿದ್ದಳು, ಇವತ್ತೇ ನೋಡಿಬಿಡ್ಲಾ ಅಂತ ಕೇಳಿದಳು. ಆ ಮಾತಿಗೆ ನಾನು ಹೂಂ ಅಂದಿದ್ದರೆ ಸಾಕಿತ್ತು. "ಏ, ನಾನಿದೀನಲ್ಲೇ. ಒಂದು ಸಾಲು ಹೊಡೆದ್ರೆ ಇಡೀ ಚಾನೆಲ್ ನನ್ನ ಅಂಗಡಿಯಾಗಿರ್ತೈತೆ. ನೀನು ಆರಾಮಾಗಿ ನೋಡು" ಅಂದೆ. ಅವಳ ಉಸಿರು ಹಗುರಾಗಿದ್ದು ಫೋನಿನಲ್ಲೇ ಗೊತ್ತಾಯ್ತು.

ಭಾನುವಾರ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ದೀಪ ಹಚ್ಚಿ, ಕರಿ ಕಿಟಕಿ ತೆಗೆದು, ಚಾನೆಲ್ಲಿನ ವಿಳಾಸ ಹಾಕಿ ಎಂಟರ್ ಒತ್ತಿದೆ. ಆವತ್ತು ಸಂತೆ ಜನ, ಕುರಿಯವರು ಮಂದೆ ಹೊರಡಿಸೋ ವಾರ. ಮುಂದೆ ಐದಾರು ಜನ ಕಾರ್ಡು ಹಿಡಕೊಂಡು ನಿಂತಿದ್ದರು, ಜಲ್ದಿ ಕೊಡೋ ಭಾಯ್ ಅಂತ ಒಬ್ಬ ಪೇಟೆ ಸಾಬರು ಬೇರೆ ತಲೆ ತಿಂತಿದ್ದರು. ಪರದೆ ಮೇಲೆ ಸಾಲು ಓಡ್ತಿದ್ದವು. ಪ್ರತಿ ಸಾಲಿನ ಕೊನೆಗೂ ಎಂಪಿತ್ರೀ ಅಂತ ಬರೆದೇ ಇತ್ತು. ನಾನು ಎಷ್ಟು ಸಾವಿರ ಸಲ ನೋಡಿದ ಅಕ್ಷರ ಅದು, ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಊಟದ ಹೊತ್ತಿಗೆ ಮುಗೀತು. ಚಾನೆಲ್ಲಿನಲ್ಲಿ ಎಷ್ಟಿತ್ತೋ ಅಷ್ಟೂ ಬಂದಿದೆಯಾ ಅಂತ ಎಣಿಸಿ ನೋಡಿದೆ, ಒಂದೂ ತಪ್ಪಿರಲಿಲ್ಲ. ಅಷ್ಟೂ ಸೇರಿ ಒಂದು ಚಿಕ್ಕ ಕಾರ್ಡಿನಲ್ಲಿ ಹಿಡೀತು. ನಾನು ಎಂಥ ಪೆದ್ದ ನೋಡಿ, ಹಿಡೀತಲ್ಲ ಅಂತ ಖುಷಿಪಟ್ಟೆ. ಯಾವುದನ್ನೂ ತೆರೆಯಲಿಲ್ಲ, ಮಾತು ಕೊಟ್ಟಿದ್ದೆನಲ್ಲ. ಮಾತು ಉಳಿಸಿಕೊಂಡೆ ಅನ್ನೋ ಜಂಬ ಬೇರೆ. ಸೋಮವಾರ ಚಾನೆಲ್ ಖಾಲಿಯಾಯ್ತು.

ಹನ್ನೊಂದನೇ ದಿನ ಬಸ್ಸಿಳಿದು ಮೊಳಕಾಲ್ಮೂರಿನ ಆ ಬೀದಿಗೆ ಹೋದಾಗ ಜೇಬಿನಲ್ಲಿ ಆ ಕಾರ್ಡು ಇತ್ತು, ಒಂದು ಹಳೇ ಕುಂಕುಮದ ಡಬ್ಬಿಯಲ್ಲಿ ಹಾಕಿಕೊಂಡಿದ್ದೆ. ಕಾರ್ಯ ಆಯ್ತು, ಊಟ ಆಯ್ತು, ನೆಂಟರೆಲ್ಲ ಹೊರಟರು. ಮನೆಯಲ್ಲಿ ಉಳಿದಿದ್ದು ಮಗಳು, ನಾನು, ಪಕ್ಕದ ಮನೆಯ ಮುದುಕಮ್ಮ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಂಗೇ ಇತ್ತು. ಮಗಳು ಮುಖ ತೊಳೆದು, ಆವತ್ತು ಅಕ್ಕ ಗೇಟಿನ ಕಟ್ಟೆ ಮೇಲೆ ಬಿಟ್ಟುಹೋಗಿದ್ದ ಆ ಬಟ್ಟೆಯ ರವಿಕೆ ಹಾಕಿಕೊಂಡು ಬಂದು ಕೂತಳು. ಅದನ್ನ ಹೊಲಿಸಿದ್ದಳು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ನಾನು ಟಿವಿಗೆ ಕಾರ್ಡು ಸಿಕ್ಕಿಸಿ, ಆ ಫೈಲು ಹುಡುಕಿ, ಒತ್ತಿ, ಅವಳ ಪಕ್ಕ ಹೋಗಿ ಕೂತೆ.

ಟಿವಿ ಪರದೆ ಕಪ್ಪಗಿತ್ತು. ನಡುವೆ ಹಾಡಿನ ಗುರುತು ಒಂದು ಬಂದು ನಿಂತುಕೊಳ್ತು. ಮಗ್ಗದ ಸದ್ದು ಕೇಳಿಸ್ತು, ಆಮೇಲೆ ಅದು ನಿಂತಿತು.

ಪಕ್ಕದ ಮನೆಯ ಮುದುಕಮ್ಮ, "ಬೊಮ್ಮ ರಾಲೇದಪ್ಪಾ" ಅಂದಳು. ಚಿತ್ರ ಬರಲಿಲ್ಲ ಅಂತ ಅವಳ ತೆಲುಗಲ್ಲಿ.

ಬರುತ್ತೆ ತಡೀರಿ ಅಂದೆ. ತಂತಿ ಅಲ್ಲಾಡಿಸಿದೆ. ಇನ್ನೊಂದು ಫೈಲು ಹಾಕಿದೆ, ಅದೂ ಹಂಗೇ. ಮೂರನೇದು ಹಾಕೋವಾಗ ಫೈಲಿನ ಹೆಸರಿನ ಕೊನೆ ಓದಿದೆ. ಆ ಒಂದು ಸಾಲು, ದನಿ ಮಾತ್ರ ಸಾಕು ಅಂತ ನಾನೇ ಬರೆದಿಟ್ಟಿದ್ದು, ಕಣ್ಣ ಮುಂದೆ ಬಂತು. ಕಿವಿ ಇಲ್ಲದವಳು, ಬಾಯಿ ಇಲ್ಲದವಳು, ಜೀವಮಾನ ಎಲ್ಲಾ ಕೈಯಲ್ಲೇ ಮಾತಾಡಿದವಳು. ಅವಳ ಕೈಯನ್ನ ಬಿಟ್ಟು ಮಿಕ್ಕಿದ್ದೆಲ್ಲ ಜೋಪಾನ ಮಾಡಿ ತಂದಿದ್ದೆ ನಾನು.

ಅಳಿಸಿಹೋದ ಫೈಲು ವಾಪಸ್ಸು ತೆಗೆಯೋ ವಿದ್ಯೆ ನನಗೆ ಗೊತ್ತು, ಎಷ್ಟೋ ಜನಕ್ಕೆ ತೆಗೆದುಕೊಟ್ಟಿದೀನಿ. ಇಲ್ಲಿ ಅಳಿಸಿಹೋಗಿದ್ದು ಏನೂ ಇರಲಿಲ್ಲ. ಚಿತ್ರ ನನ್ನ ಕಂಪ್ಯೂಟರಿಗೆ ಬಂದೇ ಇರಲಿಲ್ಲ. ನಾನು ಬೇಡ ಅಂದಿದ್ದೆ, ಅದು ತರಲಿಲ್ಲ.

ಮಗಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ನನ್ನನ್ನೇ ನೋಡ್ತಾ, "ಮಾವ, ಮಾತು ತಪ್ಪಿ ಆದ್ರೂ ನೀವು ಒಂದ್ಸಲ ನೋಡಿರ್ತೀರಲ್ವಾ?" ಅಂತ ಕೇಳಿದಳು. ನನಗೆ ಅವಳ ಆ ಮುಖ ನೋಡೋಕೆ ಆಗಲಿಲ್ಲ. ಹೂಂ, ನೋಡಿದೆ ಅಂದುಬಿಟ್ಟೆ. ಏನಂದ್ಲು ಅಂತ ಕೇಳಿದಳು. ಬಾಯಲ್ಲಿ ಸುಳ್ಳು ಹೇಳೋಕೆ ಧೈರ್ಯ ಸಾಲದೆ ಕೈಯಲ್ಲಿ ಹೇಳಿದೆ. ಎದೆ ಮೇಲೆ ಅಂಗೈ ಇಟ್ಟು ಕೆಳಗೆ ಸವರಿದೆ. ನಮ್ಮ ಮನೆಯ ಕೈಮಾತಲ್ಲಿ ಅದರ ಅರ್ಥ, ಕೋಪ ಇಲ್ಲ.

ಅವಳು ನನ್ನ ಕೈಯನ್ನೇ ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

"ಅವ್ವ ನಂಗೆ ಹಂಗೆ ಹೇಳ್ತಿರ್ಲಿಲ್ಲ ಮಾವ. ಕೋಪ ಹೋತು ಅನ್ನಾಕೆ ಅಂಗೈ ಮೇಲೆ ಉಫ್ ಅಂತ ಊದೋಳು. ನೂಲಿನ ಧೂಳು ಊದಿದಂಗೆ."

ಅದು ನನಗೆ ಗೊತ್ತೇ ಇರಲಿಲ್ಲ. ನಾನು ಕಲಿತಿದ್ದು ತವರಿನ ಕೈಮಾತು, ಅಕ್ಕ ಮಗ್ಗದ ಪಕ್ಕ ಮಗಳ ಜೊತೆ ಬೇರೆಯದನ್ನೇ ಕಟ್ಟಿಕೊಂಡಿದ್ದಳು. ನಲವತ್ತು ವರ್ಷ ಅಕ್ಕನ ಭಾಷೆ ನನಗೆ ಬರುತ್ತೆ ಅಂತ ಊರ ತುಂಬ ಹೇಳ್ಕೊಂಡು ತಿರುಗಿದವನು ನಾನು. ನೆಲ ಬಾಯಿ ಬಿಟ್ಟು ನನ್ನನ್ನ ನುಂಗಬಾರದಾ ಅನ್ನಿಸ್ತು. ನೋಡಿಲ್ಲ ಕಣವ್ವ, ಸುಳ್ಳು ಹೇಳಿದೆ ಅಂತ ಒಪ್ಪಿಕೊಂಡೆ.

ಅವಳಿಗೆ ಕೋಪ ಬಂದಂಗೆ ಕಾಣಲಿಲ್ಲ, ಬೇರೆ ಏನೋ ಹೊಳೆದಿತ್ತು. ಊದಿದರೆ ಸದ್ದು ಬರುತ್ತಲ್ಲ ಮಾವ ಅಂದಳು. ಎದ್ದು ಹೋಗಿ, ಮೊದಲನೇ ಫೈಲು ಮತ್ತೆ ಹಾಕಿ, ಟಿವಿ ಪಕ್ಕ ನೆಲದ ಮೇಲೆ ಕೂತು ಸ್ಪೀಕರಿಗೆ ಕಿವಿ ಒತ್ತಿದಳು. ಮಗ್ಗ ನಿಂತಿತು. ಬಳೆ ಸದ್ದಾಯ್ತು. ಆಮೇಲೆ ಟಕ್ ಟಕ್, ದಿಂಡಿಗೆ ಎರಡು ಏಟು. ಹುಡುಗಿ ಸ್ಪೀಕರನ್ನ ಎರಡೂ ಕೈಯಲ್ಲಿ ಹಿಡಕೊಂಡಳು. ಅವ್ವ ಹೆಸರು ಹಿಡಿದು ಕರೆದಿದ್ದಳು. ಅದರ ಹಿಂದೆ ತುಂಬಾ ಹೊತ್ತು ಬರೀ ಗುಂಯ್ ಅನ್ನೋ ಸದ್ದು, ಫ್ಯಾನಿಂದು. ಅಕ್ಕ ತನಗೇಂತ ಯಾವತ್ತೂ ಫ್ಯಾನ್ ಹಾಕಿದವಳಲ್ಲ, ನೂಲು ಹಾರುತ್ತೆ ಅಂತ. ಬಂದ ಸೇಲ್ಸ್‌ಮನ್ನಿಗೆ ಸೆಕೆ ಆಗುತ್ತೆ ಅಂತ ಹಾಕಿದ್ದಾಳೆ. ಅದು ಎಷ್ಟು ಸದ್ದು ಮಾಡುತ್ತೆ ಅಂತ ಅವಳಿಗೆ ಹೆಂಗೆ ಗೊತ್ತಾಗಬೇಕು. ಮತ್ತೆ ಟಕ್ ಟಕ್. ಮತ್ತೆ ಫ್ಯಾನು. ಇನ್ನೊಂದು ಸಲ ಟಕ್ ಟಕ್, ಈ ಸಲ ಮೆಲ್ಲಗೆ. ಕೊನೆಗೆ ಸೇಲ್ಸ್‌ಮನ್ನಿನ ದನಿ, ಸಾಕಮ್ಮ, ಬ್ಯಾಟರಿ ಹೋತು ಅಂತ. ಅಲ್ಲಿಗೆ ಮುಗೀತು.

ಊದಿದ್ದು ಕೇಳಿಸ್ತಾ ಅಂತ ನಾನು ಕೇಳಲಿಲ್ಲ. ಅವಳೇ ಹೇಳಿದಳು, ಕರೆದಿದ್ದು ಕೇಳಿಸ್ತು, ಯಾಕೆ ಕರೆದಳು ಅಂತ ಗೊತ್ತಾಗಲಿಲ್ಲ ಅಂತ. ಮಾರನೇ ದಿನ ಸೇಲ್ಸ್‌ಮನ್ನನ್ನ ಹಿಡಿದು ವಿಚಾರಿಸಿದೆವು. ಅಂಗೈ ಮೇಲೆ ಊದಿದಳಾ ನೆನಪು ಮಾಡ್ಕೊಳಪ್ಪ ಅಂತ ಕೈ ಮುಗಿದು ಕೇಳಿದೆ. ಅವನು ಪಾಪ ಕಣ್ಣು ಮುಚ್ಚಿ ಯೋಚನೆ ಮಾಡಿದ. ಏನೇನೋ ಮಾಡಿದರು ಅಣ್ಣ, ನಾನು ಬ್ಯಾಟರಿ ಎಷ್ಟೈತೆ ಅಂತ ನೋಡ್ತಿದ್ದೆ ಅಂದ. ಚಾನೆಲ್ಲಿನಲ್ಲಿ ನೋಡಿದವರು ಇದ್ದರಂತೆ, ಅವರು ಯಾರೋ ಎಲ್ಲಿಯವರೋ, ಆ ಕೈಮಾತು ಅವರಿಗೆ ಬರೋದೂ ಇಲ್ಲ.

ಆ ಪುಟ್ಟ ಫೈಲಿನ ಸಾಲನ್ನ ನಾನು ಅಳಿಸಿ ಹಾಕಿದೀನಿ. ಈಗ ಕುರಿಯವರ ಕಾರ್ಡು ತುಂಬೋವಾಗ ಪ್ರತಿ ಸಲ ಕೈಯಾರೆ ಬರೀತೀನಿ, ಎಂಟರ್ ಒತ್ತೋ ಮುಂಚೆ ಎರಡು ಸಲ ಓದ್ತೀನಿ. ಗಿರಾಕಿಗಳು ಯಾಕಣ್ಣ ಇಷ್ಟು ನಿಧಾನ ಅಂತಾರೆ. ಬೈಯೋದು ಬಿಟ್ಟಿದೀನಿ, ನಿಂತ್ಕೊಳ್ರಿ ಅಂತೀನಿ.

ಹೋದ ತಿಂಗಳು ಒಂದು ಬೆಳಿಗ್ಗೆ ಅಕ್ಕನ ಮಗಳು ಕೆಲಸಕ್ಕೆ ಹೋಗೋ ದಾರಿಯಲ್ಲಿ ಅಂಗಡಿಗೆ ಬಂದಳು. ದಿನಾ ಬಸ್ಸಿನಲ್ಲಿ ಅವ್ವನ ಆ ಫೈಲನ್ನೇ ಕೇಳ್ತಾಳೆ, ನನಗೆ ಗೊತ್ತು. ಫ್ಯಾನಿನ ಸದ್ದು ಮಾತ್ರ ತೆಗೆದು ಕೊಡೋಕಾಗುತ್ತಾ ಅಂತ ಕೇಳಿದಳು. ಅದಕ್ಕೂ ಒಂದು ಪ್ರೋಗ್ರಾಮು ಇದೆ. ಅವಳನ್ನ ಸ್ಟೂಲಿನ ಮೇಲೆ ಕೂರಿಸಿ, ಮೂಲವನ್ನ ಮೊದಲು ಬೇರೆ ಕಡೆ ಇಟ್ಟು, ಕರಿ ಕಿಟಕಿಯಲ್ಲಿ ಸಾಲು ಬರೆದೆ, ಎರಡು ಸಲ ಓದಿದೆ, ಒತ್ತಿದೆ. ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಒಂದು ನನ್ನ ಕಿವಿಗೆ. ಫ್ಯಾನು ಹೋಗಿತ್ತು. ಟಕ್ ಟಕ್ ಅಂದಿದ್ದು ಮಗ್ಗದ ಎದುರೇ ಕೂತಂಗೆ ಸ್ಪಷ್ಟ ಕೇಳಿಸ್ತು. ಅದರ ಹಿಂದೆ ಏನೂ ಇರಲಿಲ್ಲ. ಉಫ್ ಅಂತ ಊದಿದರೂ ಅದು ಗಾಳಿ, ಫ್ಯಾನಿಂದೂ ಗಾಳಿ. ಯಂತ್ರಕ್ಕೆ ಎರಡೂ ಒಂದೇ, ತೆಗೆದರೆ ಎರಡನ್ನೂ ತೆಗೆಯುತ್ತೆ. ಅದನ್ನ ಅವಳಿಗೆ ಹೇಳಲೇಬೇಕಾಯ್ತು, ಹೇಳಿದೆ.

ಇಯರ್‌ಫೋನು ಕಿವಿಯಿಂದ ತೆಗೆದು, ಸುತ್ತಿ, ನನ್ನ ಕೈಗೆ ಕೊಟ್ಟಳು. ರಸ್ತೆಯಲ್ಲಿ ಅವಳ ಬಸ್ಸು ಬಂದು ಹಾರನ್ ಹೊಡೀತಿತ್ತು.

"ಹಂಗಾದ್ರೆ ಇದು ಬ್ಯಾಡ ಮಾವ. ಫ್ಯಾನ್ ಇರೋದೇ ಹಾಕ್ಕೊಡ್ರಿ. ಅದ್ರಾಗಾದ್ರೆ ಇದ್ರೂ ಇರಬೌದು."

ಕಾರ್ಡಿಗೆ ಅದನ್ನೇ ತುಂಬಿಕೊಟ್ಟೆ.